ಎರಿಸ್: ಶೋಧನೆಯ ಇತಿಹಾಸ

ಎರಿಸ್ ನೆಪ್ಚೂನ್‌ನ ಆಚೆ ಸೂರ್ಯನನ್ನು ಸುತ್ತುವ ಹಿಮಾವೃತ ಕುಬ್ಜಗ್ರಹ. ಒಂದು ಸುತ್ತಿಗೆ ಸುಮಾರು 560 ವರ್ಷ ಹಿಡಿಯುತ್ತದೆ. ಸೂರ್ಯನಿಂದ ಇದರ ದೂರ ಸುಮಾರು 38 ಖಗೋಳಮಾನದಿಂದ 97 ಖಗೋಳಮಾನದವರೆಗೆ ಬದಲಾಗುತ್ತದೆ (1 ಖಗೋಳಮಾನ ಎಂದರೆ ಸುಮಾರು 15 ಕೋಟಿ ಕಿ.ಮೀ.). ಭೂಕಕ್ಷೆಯ ಸಮತಲಕ್ಕೆ ಇದರ ಕಕ್ಷೆ 44 ಡಿಗ್ರಿ ಓರೆಯಾಗಿದೆ. ಹಿಂದಿನ ಹುಡುಕಾಟಗಳು ಹೆಚ್ಚಾಗಿ ಆ ಸಮತಲದ ಆಸುಪಾಸಿನಲ್ಲೇ ನಡೆದಿದ್ದರಿಂದ ಎರಿಸ್ ಬಹುಕಾಲ ಕಣ್ಣಿಗೆ ಬೀಳಲಿಲ್ಲ.

ಶೋಧನೆ: ಮೈಕ್ ಬ್ರೌನ್, ಚಾಡ್ ಟ್ರುಹಿಯೊ ಮತ್ತು ಡೇವಿಡ್ ರಾಬಿನೊವಿಟ್ಸ್ ಅವರ ತಂಡ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಪಾಲೊಮಾರ್ ವೀಕ್ಷಣಾಲಯದ 1.2 ಮೀಟರ್ ದೂರದರ್ಶಕದಿಂದ ಆಕಾಶದ ಒಂದೇ ಭಾಗವನ್ನು ಕೆಲವು ಗಂಟೆಗಳ ಅವಧಿಯಲ್ಲಿ ಮೂರು ಬಾರಿ ಚಿತ್ರಿಸುತ್ತಿತ್ತು. ನಕ್ಷತ್ರಗಳ ನಡುವೆ ಜಾಗ ಬದಲಿಸಿದ ಚುಕ್ಕೆಗಳನ್ನು ಕಂಪ್ಯೂಟರ್ ಆರಿಸಿ ಕೊಡುತ್ತಿತ್ತು. ಸುಳ್ಳು ಸುಳಿವುಗಳ ಕಾಟ ತಪ್ಪಿಸಲು, ಗಂಟೆಗೆ 1.5 ಆರ್ಕ್ ಸೆಕೆಂಡಿಗಿಂತ (ಆರ್ಕ್ ಸೆಕೆಂಡ್ ಎಂದರೆ ಕೋನದ ಒಂದು ಅತಿ ಸಣ್ಣ ಮಾನ) ನಿಧಾನವಾಗಿ ಸರಿಯುವ ಕಾಯಗಳನ್ನು ತಂತ್ರಾಂಶ ಕೈಬಿಡುತ್ತಿತ್ತು. 2003ರ ಕೊನೆಯಲ್ಲಿ ಸಿಕ್ಕ ಸೆಡ್ನಾ ಎಂಬ ದೂರದ ಕಾಯದ ಚಲನೆ ಈ ಮಿತಿಗಿಂತ ಸ್ವಲ್ಪವೇ ಹೆಚ್ಚಿತ್ತು. ಅದಕ್ಕಿಂತ ನಿಧಾನವಾದವೂ ಇರಬಹುದೆಂದು ತಂಡ ಮಿತಿಯನ್ನು ತಗ್ಗಿಸಿ ಹಳೆಯ ಚಿತ್ರಗಳನ್ನು ಮತ್ತೆ ಜಾಲಾಡಿತು. 2003ರ ಅಕ್ಟೋಬರ್ 21ರಂದು ತೆಗೆದಿದ್ದ ಚಿತ್ರಗಳಲ್ಲಿ ಎರಿಸ್ 2005ರ ಜನವರಿ 5ರಂದು ಪತ್ತೆಯಾಯಿತು. ಅದೇ ವರ್ಷ ಜುಲೈ 29ರಂದು ಶೋಧವನ್ನು ಪ್ರಕಟಿಸಲಾಯಿತು.

ಗ್ರಹದ ವ್ಯಾಖ್ಯೆ: ಆಗ ಒಂಬತ್ತನೆಯ ಗ್ರಹವೆನಿಸಿದ್ದ ಪ್ಲೂಟೊಗಿಂತ ಎರಿಸ್ ದೊಡ್ಡದೆಂದು ಆಗಿನ ಅಂದಾಜು. ಹಾಗಾದರೆ ಇದು ಹತ್ತನೆಯ ಗ್ರಹವೇ ಎಂಬ ಪ್ರಶ್ನೆ ಎದ್ದಿತು. 2006ರ ಆಗಸ್ಟ್ 24ರಂದು ಪ್ರಾಗ್‌ನಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಗ್ರಹದ ವ್ಯಾಖ್ಯೆಯನ್ನು ಅಂಗೀಕರಿಸಿತು. ಸೂರ್ಯನನ್ನು ಸುತ್ತುವುದು ಮತ್ತು ದುಂಡಗಿರುವುದಷ್ಟೇ ಸಾಲದು, ತನ್ನ ಕಕ್ಷೆಯ ಆಸುಪಾಸನ್ನು ಇತರ ಕಾಯಗಳಿಂದ ತೆರವುಗೊಳಿಸಿರಲೂ ಬೇಕು. ಈ ಮೂರನೆಯ ನಿಯಮದಿಂದ ಎರಿಸ್ ಮತ್ತು ಪ್ಲೂಟೊ ಎರಡೂ ಕುಬ್ಜಗ್ರಹಗಳ ಸಾಲಿಗೆ ಸೇರಿದವು. ಸೆಪ್ಟೆಂಬರ್ 13ರಂದು ಈ ಕಾಯಕ್ಕೆ ಗ್ರೀಕ್ ಪುರಾಣದ ಕಲಹದೇವತೆ ಎರಿಸ್‌ಳ ಹೆಸರನ್ನೂ 2005ರಲ್ಲೇ ಸಿಕ್ಕಿದ್ದ ಉಪಗ್ರಹಕ್ಕೆ ಅವಳ ಮಗಳು ಡಿಸ್ನೋಮಿಯಾಳ ಹೆಸರನ್ನೂ ಇಡಲಾಯಿತು.

ಗಾತ್ರ ಮತ್ತು ರಾಶಿ: 2010ರ ನವೆಂಬರ್ 6ರಂದು ಎರಿಸ್ ನಕ್ಷತ್ರವೊಂದನ್ನು ಕ್ಷಣಕಾಲ ಮರೆಮಾಡಿತು. ಚಿಲಿಯಿಂದ ನಡೆಸಿದ ಅದರ ವೀಕ್ಷಣೆಯಿಂದ ವ್ಯಾಸ ಸುಮಾರು 2,326 ಕಿ.ಮೀ. ಎಂದು ತಿಳಿಯಿತು. ಮೀಥೇನ್ ಹಿಮ ಕವಿದ ಮೇಲ್ಮೈ ತನ್ನ ಮೇಲೆ ಬಿದ್ದ ಬೆಳಕಿನ ಬಹುಪಾಲನ್ನು ಪ್ರತಿಫಲಿಸುತ್ತದೆ. 2015ರಲ್ಲಿ ನ್ಯೂ ಹೊರೈಜನ್ಸ್ ನೌಕೆ ಪ್ಲೂಟೊವನ್ನು ಹತ್ತಿರದಿಂದ ಅಳೆದಾಗ ಅದರ ವ್ಯಾಸವೇ ತುಸು ಹೆಚ್ಚೆಂದು ಖಚಿತವಾಯಿತು. ಆದರೆ ಡಿಸ್ನೋಮಿಯಾದ ಪರಿಭ್ರಮಣೆಯಿಂದ ಲೆಕ್ಕ ಹಾಕಿದ ಎರಿಸ್‌ನ ರಾಶಿ ಪ್ಲೂಟೊದ್ದಕ್ಕಿಂತ ಸುಮಾರು ಶೇ. 27ರಷ್ಟು ಹೆಚ್ಚು. ಈವರೆಗೆ ತಿಳಿದ ಕುಬ್ಜಗ್ರಹಗಳಲ್ಲಿ ಎರಿಸ್‌ನದೇ ಅತಿ ಹೆಚ್ಚಿನ ರಾಶಿ.