ದಕ್ಷಿಣ ಭಾರತಕ್ಕೆ ಹೊರಟ ಬಾಗಿಲಿಲ್ಲದ ದೋಣಿ

ಇವತ್ತಿನ ಎಪಿಸೋಡ್‌ನಲ್ಲಿ ನಿಮ್ಮನ್ನ ಜಪಾನಿಗೆ ಕರ್ಕೊಂಡು ಹೋಗ್ತೀನಿ. ಆದರೆ ರೀಲ್ಸ್‌ನಲ್ಲಿ ಕಾಣೋ ಟೋಕಿಯೊ ಬೀದಿ, ಬುಲೆಟ್ ಟ್ರೈನ್ ಇವತ್ತು ಸಿಗಲ್ಲ. ಕ್ಯೋಟೊದಿಂದ ದಕ್ಷಿಣಕ್ಕೆ, ಶಾಂತ ಸಾಗರಕ್ಕೆ ಚಾಚಿಕೊಂಡಿರೋ ಕಿಯಿ ಅನ್ನೋ ಪರ್ಯಾಯ ದ್ವೀಪ ಇದೆ. ಅದರ ತುದಿಯಲ್ಲಿರೋ ಕಾಡುಬೆಟ್ಟಗಳ ಸೀಮೆ ಕುಮಾನೊ. ನಾನು ಅಲ್ಲಿಗೆ ಹೋಗಿದ್ದು ಬಿಸಿನೀರಿನ ಬುಗ್ಗೆಯ ಆಸೆಗೆ. ಆದರೆ ವಾಪಸ್ ಬಂದಮೇಲೂ ತಲೆಯಲ್ಲಿ ಉಳಿದಿದ್ದು ಒಂದು ದೋಣಿ. ಆ ದೋಣಿ ಹೊರಟಿದ್ದು ಎಲ್ಲಿಗೆ ಗೊತ್ತಾ? ನಮ್ಮ ಕಡೆಗೆ. ನಿಜವಾಗ್ಲೂ.

ಮೊದಲು ಬುಗ್ಗೆಯ ಕಥೆ ಹೇಳಿಬಿಡ್ತೀನಿ. ಬೆಟ್ಟಗಳ ನಡುವೆ ಯುನೊಮಿನೆ ಅಂತ ಒಂದು ಪುಟ್ಟ ಊರು. ಊರು ಅಂದ್ರೆ ಒಂದು ತೊರೆ, ಅದರ ಎರಡೂ ಬದಿಗೆ ಒಂದಷ್ಟು ಮನೆಗಳು, ವಸತಿಗೃಹಗಳು, ಗಾಳಿಯಲ್ಲೆಲ್ಲ ಗಂಧಕದ ವಾಸನೆ. ತೊರೆಯ ಪಕ್ಕದಲ್ಲೇ ಸುಮಾರು 90 ಡಿಗ್ರಿ ಬಿಸಿಯ ನೀರು ಉಕ್ಕುತ್ತೆ. ಜನ ಬಲೆಚೀಲದಲ್ಲಿ ಮೊಟ್ಟೆ ಕಟ್ಟಿ ಅದರಲ್ಲಿ ಇಳಿಬಿಟ್ಟು ಬೇಯಿಸಿಕೊಳ್ತಾರೆ. ವಿಚಿತ್ರ ಏನಂದ್ರೆ ಹತ್ತಿರದಲ್ಲಿ ಎಲ್ಲೂ ಜೀವಂತ ಜ್ವಾಲಾಮುಖಿ ಇಲ್ಲ. (ನಮ್ಮ ಪುತ್ತೂರಿನ ಬೆಂದ್ರುತೀರ್ಥ ನೋಡಿದವರಿಗೆ ಬಿಸಿನೀರಿನ ಬುಗ್ಗೆ ಹೊಸದಲ್ಲ ಬಿಡಿ. ಆದರೆ ಅದು ಬರೀ ಉಗುರುಬೆಚ್ಚಗಿರೋದು.)

ಆ ತೊರೆಯ ಮೇಲೇ ಒಂದು ಮರದ ಗುಡಿಸಲು, ಒಳಗೆ ಬಂಡೆಗಲ್ಲಿನ ಗುಂಡಿ. ಅದೇ ತ್ಸುಬೊಯು. ಇಬ್ಬರು ಮೂವರು ಕೂತ್ರೆ ಮುಗೀತು. ಟಿಕೆಟ್ ತಗೊಂಡು ಸರದಿಗೆ ಕಾಯಬೇಕು, ಸಿಗೋದು ಅರ್ಧ ಗಂಟೆ. ಯುನೆಸ್ಕೊ 2004ರಲ್ಲಿ ಕಿಯಿ ಬೆಟ್ಟಗಳ ಯಾತ್ರಾಮಾರ್ಗಗಳನ್ನ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಈ ಗುಂಡಿಯೂ ಸೇರ್ತು. ಯಾಕಂದ್ರೆ ಇದು ಮಜಾಕ್ಕೆ ಮಾಡೋ ಸ್ನಾನ ಆಗಿರಲಿಲ್ಲ. ಹೊಂಗು ದೇವಸ್ಥಾನಕ್ಕೆ ಹೋಗೋ ಯಾತ್ರಿಕರು ಇಲ್ಲಿ ಮೈ ತೊಳೆದು ಮಡಿಯಾಗಿಯೇ ಮುಂದೆ ಹೋಗ್ತಿದ್ರು.

ಯಾತ್ರಿಕರು ಅಂದ್ರೆ ಯಾರ್ಯಾರು? 12ನೇ ಶತಮಾನದ ಗೊ-ಶಿರಕವ ಅನ್ನೋ ಚಕ್ರವರ್ತಿ ಪಟ್ಟ ಬಿಟ್ಟಮೇಲೆ 30ಕ್ಕೂ ಹೆಚ್ಚು ಸಲ ಕುಮಾನೊಗೆ ಬಂದ. ಆಮೇಲೆ ಜನಸಾಮಾನ್ಯರು ಎಷ್ಟು ಬಂದರು ಅಂದ್ರೆ ‘ಕುಮಾನೊಗೆ ಇರುವೆ ಸಾಲು’ ಅಂತ ಜಪಾನಿಯಲ್ಲಿ ಒಂದು ಮಾತೇ ಹುಟ್ಟಿಕೊಂಡಿತು. ಹೆಂಗಸರು ಬಂದರು. ಬೇರೆ ಎಷ್ಟೋ ಪವಿತ್ರ ಬೆಟ್ಟಗಳು ಅವರಿಗೆ ಬಾಗಿಲು ಮುಚ್ಚಿದ್ದ ಕಾಲ ಅದು. ಕುಷ್ಠರೋಗಿಗಳೂ ಬಂದರು. 1274ರಲ್ಲಿ ಇಪ್ಪೆನ್ ಅನ್ನೋ ಸಂನ್ಯಾಸಿಗೆ ಹೊಂಗುವಿನಲ್ಲಿ ದೇವವಾಣಿ ಆಯ್ತಂತೆ: ಶುದ್ಧ, ಅಶುದ್ಧ ಅಂತ ನೋಡಬೇಡ, ನಂಬಿಕೆ ಇದೆಯೋ ಇಲ್ವೋ ಅಂತಲೂ ಕೇಳಬೇಡ, ಬುದ್ಧನ ನಾಮ ಎಲ್ಲರಿಗೂ ಹಂಚು ಅಂತ.

ತ್ಸುಬೊಯುಗೆ ಅಂಟಿಕೊಂಡಿರೋ ಜನಪದ ಕಥೆಯೂ ಇದನ್ನೇ ಹೇಳುತ್ತೆ. ಒಗುರಿ ಅನ್ನೋ ಯೋಧನಿಗೆ ಹೆಂಡತಿಯ ಮನೆಯವರೇ ವಿಷ ಹಾಕಿ ಸಾಯಿಸ್ತಾರೆ. ಯಮ (ಹೌದು, ನಮ್ಮ ಯಮನೇ, ಅಲ್ಲಿ ಎನ್ಮ ಅಂತಾರೆ) ಅವನನ್ನ ವಾಪಸ್ ಕಳಿಸ್ತಾನೆ. ಆದರೆ ಕಣ್ಣಿಲ್ಲ, ಕಿವಿಯಿಲ್ಲ, ಮಾತಿಲ್ಲ, ಬರೀ ಪ್ರೇತದಂಥ ದೇಹ. ಅವನನ್ನ ಗಾಡಿಯಲ್ಲಿ ಕೂರಿಸಿ, ದಾರಿಹೋಕರು ಒಬ್ಬರಾದ ಮೇಲೆ ಒಬ್ಬರು ಎಳೀತಾ ಕುಮಾನೊಗೆ ತರ್ತಾರೆ. ನಡುವೆ ಒಂದು ಛತ್ರದಲ್ಲಿ ಜೀತಕ್ಕಿದ್ದ ಹೆಂಡತಿ ತೆರುತೆ, ಇವನು ಯಾರು ಅಂತ ಗೊತ್ತಿಲ್ಲದೇನೇ ಐದು ದಿನ ಗಾಡಿ ಎಳೀತಾಳೆ. ಈ ನೀರಿನಲ್ಲಿ 49 ದಿನ ಮಿಂದಮೇಲೆ ಒಗುರಿ ಮತ್ತೆ ಮನುಷ್ಯ ಆಗ್ತಾನೆ. ಬೀದಿ ಕಥೆಗಾರರು ಊರೂರಿನಲ್ಲಿ ಹಾಡ್ತಿದ್ದ ಕಥೆ ಇದು. ರೋಗ ಬಂದು ಮನೆಯಿಂದ ಹೊರಬಿದ್ದವರಿಗೆ ಇದು ಹೇಗೆ ಕೇಳಿಸಿರಬೇಕು, ಯೋಚನೆ ಮಾಡಿ.

ಹೀಗೆ ಸತ್ತವರು ಬದುಕಿ ಬರೋ ನಾಡು ಅಂತ ಕುಮಾನೊಗೆ ಹೆಸರು. ಈಗ ಅಲ್ಲಿಂದ ಕೆಳಗಿಳಿದು ಸಮುದ್ರಕ್ಕೆ ಬನ್ನಿ. ಹಿಂದಿನವರು ಹೊಂಗುವಿನಿಂದ ನದಿಯಲ್ಲಿ ದೋಣಿ ಹಿಡಿದು ಶಿಂಗು ಪಟ್ಟಣಕ್ಕೆ ಇಳೀತಿದ್ರು. ನಾನು ಬಸ್ಸಿನಲ್ಲಿ ಇಳಿದೆ, ಅಲ್ಲಿಂದ ಕರಾವಳಿಗುಂಟ ಹೋಗೋ ಲೋಕಲ್ ರೈಲು. ಎಲ್ಲರೂ ಬರೋದು ನಾಚಿ ಜಲಪಾತಕ್ಕೆ. 133 ಮೀಟರ್ ಎತ್ತರ, ಪಕ್ಕದಲ್ಲಿ ಕೆಂಪು ಪಗೋಡ, ಫೋಟೊಗೆ ಹೇಳಿ ಮಾಡಿಸಿದ ಜಾಗ. ಅದರ ಬಗ್ಗೆ ನಾನು ಹೇಳೋದು ಏನೂ ಉಳಿದಿಲ್ಲ, ಗೂಗಲ್ ಮಾಡಿ. ನನ್ನ ಕಥೆ ಇರೋದು ಕೆಳಗೆ, ನಾಚಿ ರೈಲು ನಿಲ್ದಾಣದಿಂದ ಎರಡು ಹೆಜ್ಜೆ ದೂರದ ಫುದರಕುಸಾನ್-ಜಿ ಅನ್ನೋ ಸಣ್ಣ ಬೌದ್ಧ ದೇವಾಲಯದಲ್ಲಿ.

ಫುದರಕು. ಈ ಪದವನ್ನ ನಿಧಾನಕ್ಕೆ ಹೇಳಿ ನೋಡಿ. ಸಂಸ್ಕೃತದ ‘ಪೋತಲಕ’ ಚೀನಾ ದಾಟಿ ಜಪಾನಿಗೆ ಹೋಗಿ ಹೀಗಾಗಿದೆ. ಲಾಸಾದ ಪೋತಲಾ ಅರಮನೆಯ ಹೆಸರೂ ಇದೇ ಬೇರಿನದು. ಪೋತಲಕ ಅಂದ್ರೆ ಕರುಣೆಯ ಬೋಧಿಸತ್ವ ಅವಲೋಕಿತೇಶ್ವರನ ಬೆಟ್ಟ. ಜಪಾನಿನಲ್ಲಿ ಅವನು ಕನ್ನೊನ್. 7ನೇ ಶತಮಾನದಲ್ಲಿ ಭಾರತ ಸುತ್ತಿದ ಹ್ಯುಯೆನ್‌ತ್ಸಾಂಗ್ ಆ ಬೆಟ್ಟ ದಕ್ಷಿಣ ಭಾರತದ ಮಲಯ ಪರ್ವತದ ಹತ್ತಿರ ಇದೆ ಅಂತ ಬರೆದ. ಅದು ತಮಿಳುನಾಡು-ಕೇರಳ ಗಡಿಯ ಪೊದಿಗೈ ಬೆಟ್ಟ ಅನ್ನೋ ವಿದ್ವಾಂಸರೂ ಇದ್ದಾರೆ. ಜಪಾನಿನ ಭಕ್ತರಿಗೆ ಗೊತ್ತಿದ್ದಿದ್ದು ಒಂದೇ: ಕನ್ನೊನ್ ಇರೋದು ದಕ್ಷಿಣದಲ್ಲಿ, ಕಡಲಾಚೆ. ಕುಮಾನೊ ತೀರದಲ್ಲಿ ನಿಂತು ದಕ್ಷಿಣಕ್ಕೆ ನೋಡಿದ್ರೆ ಬರೀ ನೀರು.

ಹಾಗಾಗಿ ಅವರು ಹೊರಟರು. ಕ್ರಿ.ಶ. 868ರಲ್ಲಿ ಕೇರ್ಯು ಅನ್ನೋ ಭಿಕ್ಷು ಮೊದಲಿಗ. 1722ರವರೆಗೆ ಇದೇ ತೀರದಿಂದ 20ಕ್ಕೂ ಹೆಚ್ಚು ಸಲ ದೋಣಿಗಳು ಹೋದವು. ಆ ದೋಣಿಯ ಒಂದು ಪ್ರತಿಕೃತಿ ದೇವಾಲಯದ ಅಂಗಳದಲ್ಲಿದೆ. ಚಿಕ್ಕದು. ನಡುವೆ ಪೆಟ್ಟಿಗೆಯಂಥ ಕೋಣೆ, ಅದರ ನಾಲ್ಕೂ ದಿಕ್ಕಿಗೆ ಒಂದೊಂದು ಕೆಂಪು ತೊರಿಯಿ, ಅಂದ್ರೆ ಜಪಾನಿ ದೇವಸ್ಥಾನಗಳ ಮುಂದಿರೋ ಕಮಾನು. ಭಿಕ್ಷು ಕೋಣೆಯೊಳಗೆ ಕೂತಮೇಲೆ ಹೊರಗಿಂದ ಮೊಳೆ ಹೊಡೀತಿದ್ರು. ಒಳಗೆ 30 ದಿನಕ್ಕಾಗೋ ಆಹಾರ, ದೀಪದ ಎಣ್ಣೆ. ಚಳಿಗಾಲದಲ್ಲಿ ಉತ್ತರದ ಗಾಳಿ ಬೀಸೋವಾಗ ಬೇರೆ ದೋಣಿಗಳು ಇದನ್ನ ಎಳೆದುಕೊಂಡು ಹೋಗಿ, ದೂರದ ನಡುಗಡ್ಡೆಯ ಹತ್ತಿರ ಹಗ್ಗ ಕತ್ತರಿಸ್ತಿದ್ವು. ಆ ನಡುಗಡ್ಡೆಗೆ ಇವತ್ತಿಗೂ ‘ಹಗ್ಗ ಕಡಿಯೋ ದ್ವೀಪ’ ಅಂತಲೇ ಹೆಸರು. ಗಾಳಿ ದಕ್ಷಿಣಕ್ಕೆ ತಳ್ಳಿದ್ರೂ, ಅಲ್ಲಿ ಹರಿಯೋ ಕುರೋಶಿಯೊ ಪ್ರವಾಹ ಎಳೆಯೋದು ಪೂರ್ವಕ್ಕೆ, ಖಾಲಿ ಶಾಂತ ಸಾಗರಕ್ಕೆ.

ಇದು ಭಕ್ತಿಯಾ, ಆತ್ಮಹತ್ಯೆಯಾ? ನಮ್ಮ ಸಲ್ಲೇಖನದ ಚರ್ಚೆ ಗೊತ್ತಿರೋರಿಗೆ ಈ ಪ್ರಶ್ನೆ ಹೊಸದಲ್ಲ. ನನ್ನನ್ನ ಕಾಡಿದ್ದು ಬೇರೆ ಪ್ರಶ್ನೆ: ಹೋಗೋನಿಗೆ ಮನಸ್ಸು ಬದಲಾದ್ರೆ?

ಬದಲಾಯ್ತು. 16ನೇ ಶತಮಾನದ ಕೊಂಕೋಬೊ ಅನ್ನೋ ಭಿಕ್ಷುವಿನ ಕಥೆ ಅಲ್ಲಿ ಇನ್ನೂ ಹೇಳ್ತಾರೆ. ಅವನು ಹೇಗೋ ಕೋಣೆಯಿಂದ ತಪ್ಪಿಸಿಕೊಂಡು ಹತ್ತಿರದ ದ್ವೀಪಕ್ಕೆ ಈಜಿ ಸೇರಿದ. ಕಳಿಸಿಕೊಡೋಕೆ ಬಂದವರು ಹುಡುಕಿ ಹಿಡಿದು ಮತ್ತೆ ಸಮುದ್ರಕ್ಕೆ ತಳ್ಳಿದರು. ಹಿಂದೆ ಕಾಡಲ್ಲಿ ಸತ್ತವನನ್ನೂ ಬದುಕಿಸೋಕೆ ಊರೂರಿನವರು ಗಾಡಿ ಎಳೆದ ಕಥೆ. ಇಲ್ಲಿ ಬದುಕಬೇಕು ಅಂದವನಿಗೆ ಒಬ್ಬರೂ ಕೈ ಕೊಡಲಿಲ್ಲ. ಎರಡೂ ಒಂದೇ ಯಾತ್ರೆಯ ಜಾಗಗಳು. ನಾಚಿ ಕೊಲ್ಲಿಯ ಯೊರೊರಿ ಅನ್ನೋ ಮೀನು ಕೊಂಕೋಬೊನ ಮರುಜನ್ಮ ಅನ್ನೋ ನಂಬಿಕೆಯೂ ಹುಟ್ಟಿತು. ಆಮೇಲೆ ಜೀವಂತ ಕಳಿಸೋದು ನಿಂತು, ತೀರಿಕೊಂಡ ಹಿರಿಯ ಭಿಕ್ಷುಗಳ ಶವವನ್ನಷ್ಟೇ ದೋಣಿಯಲ್ಲಿ ಬಿಡೋ ಪದ್ಧತಿ ಬಂತು. ಕಥೆಗಾರ ಇನೊಉಎ ಯಾಸುಶಿ 1961ರಲ್ಲಿ ಇದೇ ಕೊಂಕೋಬೊನ ಮೇಲೆ ಒಂದು ಕಥೆ ಬರೆದರು.

ಬದುಕಿ ದಡ ಸೇರಿದವನೂ ಒಬ್ಬ ಇದ್ದಾನೆ. ಅದೇ ಶತಮಾನದ ನಿಶ್ಶೂ ಅನ್ನೋ ಭಿಕ್ಷು ಇದೇ ಥರ ಹೊರಟು ತೇಲುತ್ತಾ ಹೋಗಿ ಓಕಿನಾವಾದ ಕಿನ್ ಅನ್ನೋ ಊರಿನ ದಡಕ್ಕೆ ಬಿದ್ದ. ಇದೇ ಪೋತಲಕ ಇರಬೇಕು ಅಂದುಕೊಂಡು ಅಲ್ಲೇ ಕನ್ನೊನ್‌ಗೆ ಗುಡಿ ಕಟ್ಟಿದ. ಆ ಗುಡಿ ಈಗಲೂ ಇದೆ.

ಫುದರಕುಸಾನ್-ಜಿಯನ್ನ ಸ್ಥಾಪಿಸಿದವನು ಭಾರತದಿಂದ ತೇಲಿ ಬಂದ ‘ಬೆತ್ತಲೆ ಸಂತ’ ಅಂತ ಅಲ್ಲಿನ ಐತಿಹ್ಯ. ಇದು ಇತಿಹಾಸ ಅಲ್ಲ. ಆದರೆ ಇನ್ನೊಂದು ದಿನಾಂಕ ಇತಿಹಾಸವೇ. ಮಂಗಳೂರಿನ ಕದ್ರಿ ಮಂಜುನಾಥ ದೇವಸ್ಥಾನದಲ್ಲಿ ಮೂರು ಮುಖ, ಆರು ಕೈಗಳ ಲೋಕೇಶ್ವರನ ಕಂಚಿನ ಮೂರ್ತಿ ಇದೆಯಲ್ಲ? ಆಳುಪ ಅರಸ ಕುಂದವರ್ಮ ಅದನ್ನ ಕದರಿಕಾ ವಿಹಾರದಲ್ಲಿ ಪ್ರತಿಷ್ಠೆ ಮಾಡಿದ ಅಂತ ಪೀಠದ ಶಾಸನ ಹೇಳುತ್ತೆ. ಲೋಕೇಶ್ವರ ಅಂದ್ರೆ ಅವಲೋಕಿತೇಶ್ವರನ ಇನ್ನೊಂದು ಹೆಸರು. ಫುದರಕುಸಾನ್-ಜಿಯ ಕನ್ನೊನ್‌ಗೂ ಮೂರು ಮುಖ, ಕೈ ಮಾತ್ರ ಸಾವಿರ. ಕದ್ರಿಯ ಶಾಸನದ ಕಾಲ ಕ್ರಿ.ಶ. 968. ಕೇರ್ಯುವಿನ ದೋಣಿಯ ಹಗ್ಗ ಕಡಿದು ಸರಿಯಾಗಿ ನೂರು ವರ್ಷ.