ಹತ್ತಿಯ ತೇಜಿಯೂ ಧಾರವಾಡದ ಒಕ್ಕಲಿಗನೂ (1861–1865)

ಕ್ರಿ.ಶ. 1861ನೆಯ ಏಪ್ರಿಲ್ ತಿಂಗಳಲ್ಲಿ ಅಮೆರಿಕದ ಉತ್ತರ ಮತ್ತು ದಕ್ಷಿಣ ಸಂಸ್ಥಾನಗಳ ನಡುವೆ ಅಂತರ್ಯುದ್ಧವು ಆರಂಭವಾಯಿತು. ಉತ್ತರದವರ ನೌಕಾಪಡೆಯು ದಕ್ಷಿಣದ ಬಂದರುಗಳನ್ನು ಮುತ್ತಿದ ಕಾರಣ, ತನಗೆ ಬೇಕಾದ ಹತ್ತಿಯಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲನ್ನು ಅಲ್ಲಿಂದಲೇ ತರಿಸುತ್ತಿದ್ದ ಲ್ಯಾಂಕಾಶೈರಿನ ಗಿರಣಿಗಳು ಇಂಡಿಯಾದತ್ತ ಮುಖ ತಿರುಗಿಸಬೇಕಾಯಿತು. ಪಶ್ಚಿಮ ಇಂಡಿಯಾದ ಹತ್ತಿಗೆಲ್ಲ ಲಿವರ್‌ಪೂಲಿನ ವರ್ತಕರು ‘ಸೂರತ್’ ಎಂದೇ ಕರೆಯುತ್ತಿದ್ದರು. 1860ರಲ್ಲಿ ಪೌಂಡಿಗೆ 4–5 ಪೆನ್ಸ್ ಇದ್ದ ಅದರ ಬೆಲೆ 1864ರ ವೇಳೆಗೆ 20 ಪೆನ್ಸನ್ನು ಮೀರಿತು. ನಾಲ್ಕೇ ವರ್ಷಗಳಲ್ಲಿ ನಾಲ್ಕು ಮಡಿಗೂ ಮಿಗಿಲಾದ ಈ ಏರಿಕೆಯಿಂದ ಮುಂಬಯಿಗೆ ಹರಿದುಬಂದ ಹೆಚ್ಚಿನ ಹಣವು 7 ಕೋಟಿ ಪೌಂಡಿಗೂ ಮೇಲ್ಪಟ್ಟಿತ್ತೆಂದು ಅಂದಿನವರು ಲೆಕ್ಕ ಹಾಕಿದರು.

ಈ ತೇಜಿಯ ಕಥೆಯನ್ನು ಸಾಮಾನ್ಯವಾಗಿ ಮುಂಬಯಿಯ ಕಥೆಯಾಗಿ ಹೇಳುವುದು ವಾಡಿಕೆ. ಪ್ರಕೃತ ಲೇಖನದಲ್ಲಿ ಅದನ್ನು ನವಲಗುಂದ, ಅಣ್ಣಿಗೇರಿ, ಕುಂದಗೋಳಗಳ ಎರೆ ಭೂಮಿಯ ಕಡೆಯಿಂದ ನೋಡುವ ಉದ್ದೇಶವಿದೆ. ಬೆಲೆಯು ದಿನದಿನಕ್ಕೆ ಏರುತ್ತಿರುವಾಗ ಅದರ ಲಾಭವನ್ನು ಪಡೆಯುತ್ತಲೇ ಅದು ಇಳಿದಾಗ ಒದಗುವ ಗಂಡಾಂತರದಿಂದ ಪಾರಾಗುವುದು ಹೇಗೆ, ಮತ್ತು ಆ ಗಂಡಾಂತರವನ್ನು ಕೊನೆಗೆ ಹೊತ್ತವರು ಯಾರು ಎಂಬುದೇ ನಮ್ಮ ಪ್ರಶ್ನೆ.

ಧಾರವಾಡದ ಹತ್ತಿಯಲ್ಲಿ ಎರಡು ಬಗೆಗಳಿದ್ದುವು. ಒಂದು ಜವಾರಿ ಹತ್ತಿ. ಕುಮಟೆಯ ಬಂದರಿನಿಂದ ಹಡಗು ಹತ್ತುತ್ತಿದ್ದುದರಿಂದ ಪೇಟೆಯಲ್ಲಿ ಇದಕ್ಕೆ ‘ಕುಮಟಾ’ ಎಂಬ ಹೆಸರು ನಿಂತಿತು. ಇನ್ನೊಂದು ವಿಲಾಯತಿ ಹತ್ತಿ. 1840ರ ದಶಕದಲ್ಲಿ ಕಲೆಕ್ಟರ್ ಶಾ ಮೊದಲಾದವರ ಪ್ರಯತ್ನದಿಂದ ನ್ಯೂ ಆರ್ಲಿಯನ್ಸ್ ಬೀಜವು ಇಲ್ಲಿ ಬೇರೂರಿತು. ಇಂಡಿಯಾದ ಅನೇಕ ಕಡೆ ಸೋತ ಈ ಪರದೇಶದ ಬೀಜ ಧಾರವಾಡದಲ್ಲಿ ಮಾತ್ರ ಗೆದ್ದಿತೆಂಬುದು ಗಮನಾರ್ಹ. ಜವಾರಿ ಹತ್ತಿಯನ್ನು ಹೆಂಗಸರು ಕಲ್ಲಿನ ಮೇಲೆ ಹರಡಿ, ಕಬ್ಬಿಣದ ಸಲಾಕೆಯನ್ನು ಅಂಗಾಲಿನಿಂದ ಉರುಳಿಸಿ ಬೀಜ ಬೇರ್ಪಡಿಸುತ್ತಿದ್ದರು. ವಿಲಾಯತಿ ಹತ್ತಿಗೆ ಗರಗಸದ ಹಲ್ಲಿನ ಯಂತ್ರವೇ ಬೇಕಾಗಿತ್ತು. ಅದಕ್ಕಾಗಿ ಸರಕಾರವು ಧಾರವಾಡದಲ್ಲಿ ಕಾರ್ಖಾನೆಯೊಂದನ್ನು ನಡೆಯಿಸುತ್ತಿತ್ತು. ಹೀಗಾಗಿ ಯುದ್ಧವು ಒದಗಿದಾಗ ಲ್ಯಾಂಕಾಶೈರಿನ ಯಂತ್ರಗಳಿಗೆ ಒಗ್ಗುವ ಹತ್ತಿಯು ಈ ಜಿಲ್ಲೆಯಲ್ಲಿ ಆಗಲೇ ಸಿದ್ಧವಾಗಿತ್ತು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸು ಇಲಾಖೆಯಿಂದ ಬಿಡಿಸಿ ಮುಂಬಯಿ ಇಲಾಖೆಗೆ ಸೇರಿಸಿದುದರ ಹಿಂದೆಯೂ ಈ ಹತ್ತಿಗೆ ಕಾರವಾರದ ಬಂದರನ್ನು ತೆರೆಯಬೇಕೆಂಬ ವರ್ತಕರ ಒತ್ತಾಯವಿತ್ತು.

ಒಕ್ಕಲಿಗನ ಸ್ಥಿತಿಯನ್ನು ತಿಳಿಯಬೇಕಾದರೆ ಪಂಚಾಂಗವನ್ನು ನೋಡಬೇಕು. ಎರೆ ಭೂಮಿಯಲ್ಲಿ ಆಗಸ್ಟ್–ಸೆಪ್ಟೆಂಬರ್ ಸುಮಾರಿಗೆ ಬಿತ್ತಿದ ಹತ್ತಿಯು ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಬಿಡಿಸಲು ಬರುತ್ತದೆ. ಆಗ ಇಲ್ಲಿಗೆ ರೈಲಿರಲಿಲ್ಲ. ಅದು ಬಂದುದು 1880ರ ದಶಕದಲ್ಲಿ. ಅಂಡಿಗೆಗಳು ಗಾಡಿಗಳ ಮೇಲೂ ಎತ್ತಿನ ಹೇರುಗಳ ಮೇಲೂ ಘಟ್ಟವಿಳಿಯಬೇಕಾಗಿತ್ತು: ಶಿರಸಿಯ ಮೇಲಿಂದ ದೇವಿಮನೆ ಘಟ್ಟ ಹಾಯ್ದು ಕುಮಟೆಗೆ, ಇಲ್ಲವೆ ಕಲಘಟಗಿ, ಯಲ್ಲಾಪುರಗಳ ಮೇಲಿಂದ ಅರಬೈಲ ಘಟ್ಟ ಇಳಿದು ಕಾರವಾರಕ್ಕೆ. (ಈ ಎರಡನೆಯ ದಾರಿಯ ಸೀಮೆಯಲ್ಲಿರುವ ದೇವಿಕೊಪ್ಪದಂಥ ಊರುಗಳು ಹತ್ತಿಗಿಂತ ಭತ್ತಕ್ಕೂ ಅಡವಿಗೂ ಹತ್ತಿರವಾದವು, ತೇಜಿಯನ್ನು ಅವು ಕಂಡುದು ಹೆಚ್ಚಾಗಿ ಗಾಡಿಯ ಸಾಲಿನ ರೂಪದಲ್ಲಿಯೇ ಇರಬೇಕು.) ಮಳೆಗಾಲ ಬಂತೆಂದರೆ ಆ ಕರಾವಳಿಯ ಬಂದರುಗಳು ಮುಚ್ಚುತ್ತಿದ್ದುವು. ಮೇ ತಿಂಗಳೊಳಗೆ ಹಡಗು ಹತ್ತದ ಹತ್ತಿ ಮಳೆಗಾಲ ಕಳೆಯುವವರೆಗೆ ಕೊಳೆಯುತ್ತ ಬಿದ್ದಿರಬೇಕು. ಇನ್ನು ಲಿವರ್‌ಪೂಲಿನ ಧಾರಣೆಯು ಮುಂಬಯಿಯನ್ನು ಮುಟ್ಟಲು ಸುಮಾರು ಒಂದು ತಿಂಗಳು ಹಿಡಿಯುತ್ತಿತ್ತು. ಯುರೋಪಿನೊಡನೆ ನೇರವಾದ ತಂತಿ ಸಂಪರ್ಕವು ಏರ್ಪಟ್ಟುದು 1865ರ ಆರಂಭದಲ್ಲಿ. ಹುಬ್ಬಳ್ಳಿಯ ಪೇಟೆಯಲ್ಲಿ ಕೇಳಿಬಂದ ಧಾರಣೆಯು ಆಗಲೇ ಹಳಸಿದ್ದ ಧಾರಣೆ. ಒಕ್ಕಲಿಗನು ಬಿತ್ತುವಾಗ ನಂಬಿದುದು ಅದನ್ನೇ.

ಇಷ್ಟೊಂದು ಅನಿಶ್ಚಯದ ನಡುವೆ ಅವನಿಗಿದ್ದ ರಕ್ಷಣೆಗಳು ಹಳೆಯವೇ. ಮೊದಲನೆಯದು ಬೆಳೆಯ ಸರದಿ. ಒಂದೇ ಹೊಲದಲ್ಲಿ ವರ್ಷ ವರ್ಷವೂ ಹತ್ತಿ ಹಾಕಿದರೆ ನೆಲ ಸೊರಗುವುದೆಂದು ಅರಿತವನು ಜೋಳವನ್ನೋ ಗೋದಿಯನ್ನೋ ಸರದಿಯಿಂದ ಬಿತ್ತುತ್ತಿದ್ದನು. ಕೃಷಿಯ ನಿಯಮವೇ ಇಲ್ಲಿ ವ್ಯಾಪಾರದ ನಿಯಮವೂ ಆಯಿತು: ಎಲ್ಲ ನೆಲವನ್ನೂ ಒಂದೇ ಬೆಲೆಯ ಮೇಲೆ ಪಣವಿಡುವುದಕ್ಕೆ ನೆಲವೇ ಅಡ್ಡಿ ಮಾಡುತ್ತಿತ್ತು. ಎರಡನೆಯದು ಹಗೇವು. ನೆಲದೊಳಗಿನ ಆ ಕಣಜದಲ್ಲಿ ಜೋಳವಿದ್ದವನು ಹತ್ತಿಯನ್ನು ಸಿಕ್ಕಿದ ಬೆಲೆಗೆ ಮಾರುವ ಆತುರಕ್ಕೆ ಒಳಗಾಗುತ್ತಿರಲಿಲ್ಲ. ಮೂರನೆಯದು ಮುಂಗಡ. ಬೆಳೆ ನಿಂತಿರುವಾಗಲೇ ಸಾವಕಾರನಿಂದ ಹಣ ಪಡೆದು ಗೊತ್ತಾದ ಬೆಲೆಗೆ ಹತ್ತಿಯನ್ನು ಕೊಡಲು ಒಪ್ಪುವ ಈ ಪದ್ಧತಿಯನ್ನು ಶೋಷಣೆಯೆಂದಷ್ಟೇ ಬಣ್ಣಿಸುವ ಲೇಖಕರುಂಟು. ಅದು ಬಹುಮಟ್ಟಿಗೆ ನಿಜ. ಬೆಲೆ ಏರುವಾಗ ಏರಿಕೆಯೆಲ್ಲ ಮುಂಗಡ ಕೊಟ್ಟವನ ಪಾಲಾಗುತ್ತಿತ್ತು. ಆದರೆ ಬೆಲೆ ಇಳಿದರೆ ಇಳಿತವೂ ಅವನ ಪಾಲೇ. ತೇಜಿಯ ನಾಲ್ಕು ವರ್ಷ ಒಕ್ಕಲಿಗನು ಈ ಒಪ್ಪಂದಕ್ಕೆ ಮರುಗಿರಬೇಕು. ಐದನೆಯ ವರ್ಷ ಮುಂಗಡವಿಲ್ಲದವನು ಮರುಗಿರಬೇಕು.

ಆ ಐದನೆಯ ವರ್ಷವೇ ನಮ್ಮ ವಿಷಯದ ತಿರುಳು. 1864ರ ಆಗಸ್ಟ್‌ನಲ್ಲಿ ಬೆಲೆಯು ಶಿಖರದಲ್ಲಿದ್ದಾಗ ಬಿತ್ತನೆಯಾಯಿತು. ಅದೇ ವರ್ಷದ ಶರತ್ಕಾಲದಲ್ಲಿ ಶಾಂತಿಯ ವದಂತಿಗಳು ಲಿವರ್‌ಪೂಲನ್ನು ನಡುಗಿಸಿದುವು. 1865ರ ಏಪ್ರಿಲ್ 9ರಂದು ದಕ್ಷಿಣದ ಸೇನಾಪತಿ ಲೀ ಶರಣಾದಾಗ ಆ ಹತ್ತಿಯು ಹೊಲದಲ್ಲಿಯೋ, ಗಾಡಿಯಲ್ಲಿಯೋ, ಕುಮಟೆಯ ದಂಡೆಯಲ್ಲಿಯೋ ಇತ್ತು. ಏರಿದ ಬೆಲೆಗೆ ಬಿತ್ತಿ ಇಳಿದ ಬೆಲೆಗೆ ಬಿಡಿಸಿದ ಬೆಳೆ ಅದು. ಬೆಲೆಯು ಒಮ್ಮೆಗೇ ಹಳೆಯ ಮಟ್ಟಕ್ಕೆ ಬೀಳದೆ ಏರಿಳಿಯುತ್ತ ಇಳಿದುದು ಒಕ್ಕಲಿಗನ ಪುಣ್ಯ.

ಮುಂಬಯಿಗೆ ಅಂಥ ಪುಣ್ಯವಿರಲಿಲ್ಲ. ಅಲ್ಲಿ ಹತ್ತಿಯ ಹಣವು ಹತ್ತಿಯಲ್ಲಿ ನಿಲ್ಲದೆ ಕಂಪನಿಗಳ ಶೇರುಗಳಿಗೆ ನುಗ್ಗಿತು. 5,000 ರೂಪಾಯಿಯ ಬ್ಯಾಕ್‌ ಬೇ ಭೂಸುಧಾರಣಾ ಕಂಪನಿಯ ಶೇರು 50,000ದವರೆಗೆ ಹೋಗಿ, ಅನಂತರ 2,000ಕ್ಕಿಂತ ಕೆಳಗಿಳಿಯಿತು. ವಾಯಿದೆ ವ್ಯಾಪಾರದ ಹೆಚ್ಚಿನ ಕರಾರುಗಳು 1865ರ ಜುಲೈ 1ಕ್ಕೆ ಮುಗಿಯಬೇಕಾಗಿದ್ದುವು. ಆ ದಿನ ಕೊಡಬೇಕಾದವರು ಕೊಡಲಾರದೆ ಹೋದರು. ಪ್ರೇಮಚಂದ ರಾಯಚಂದನಂಥ ಧುರಂಧರನೂ ದಿವಾಳಿಯೆದ್ದನು. ಇದರಲ್ಲಿ ನಮಗೆ ಪಾಠವಾಗಬೇಕಾದುದು ವ್ಯಕ್ತಿಗಳ ದುರಾಶೆಯಲ್ಲ, ಬ್ಯಾಂಕ್ ಆಫ್ ಬಾಂಬೆಯ ನಡೆ. 1840ರಲ್ಲಿ ಸ್ಥಾಪಿತವಾದ ಈ ಬ್ಯಾಂಕಿನ ಮೂಲ ಸನ್ನದು ಸಾಲ ಕೊಡುವುದಕ್ಕೆ ಬಿಗಿಯಾದ ಕಟ್ಟುಗಳನ್ನು ವಿಧಿಸಿತ್ತು. 1863ರ ಹೊಸ ಕಾನೂನು ಅವನ್ನು ಸಡಿಲಿಸಿತು. ಶೇರುಗಳ ಆಧಾರದ ಮೇಲೆ ಸಾಲ ಹರಿಯಿತು. ಕಟ್ಟು ಅತ್ಯಂತ ಅವಶ್ಯವಾಗಿದ್ದ ಘಳಿಗೆಯಲ್ಲಿಯೇ ಅದನ್ನು ಬಿಚ್ಚಿದಂತಾಯಿತು. 2,850 ರೂಪಾಯಿಗೆ ಏರಿದ್ದ ಬ್ಯಾಂಕಿನ ಶೇರು 87ಕ್ಕೆ ಇಳಿದು, 1868ರಲ್ಲಿ ಬ್ಯಾಂಕೇ ಮುಚ್ಚಿಹೋಯಿತು.

ನಮ್ಮ ಕಾಲದ ವಿದ್ಯಾರ್ಥಿಗೆ ಈ ಅಂಕಿಗಳು ಅಪರಿಚಿತವೆನಿಸಲಾರವು. ಬಿಟ್‌ಕಾಯಿನ್ ಎಂಬ ಕ್ರಿಪ್ಟೋ ನಾಣ್ಯವು 2021ರ ನವೆಂಬರಿನಲ್ಲಿ 69,000 ಡಾಲರಿನ ಹತ್ತಿರಕ್ಕೆ ಏರಿ, ಒಂದೇ ವರ್ಷದಲ್ಲಿ 16,000ದ ಆಸುಪಾಸಿಗೆ ಇಳಿಯಿತು. 2022ರ ಏಪ್ರಿಲ್‌ನಿಂದ ಭಾರತದಲ್ಲಿ ಇಂಥ ಲಾಭದ ಮೇಲೆ ಶೇಕಡಾ 30ರ ತೆರಿಗೆ ವಿಧಿಸಲಾಗಿದೆ; ಒಂದರ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯಲು ಅವಕಾಶವಿಲ್ಲ. ಹೋಲಿಕೆಗೆ ಮಿತಿಯುಂಟು. ಬೆಲೆ ಬಿದ್ದ ಹತ್ತಿಯನ್ನು ಕೊನೆಗೆ ನೂತು ಉಡಬಹುದಿತ್ತು. ಬ್ಯಾಕ್‌ ಬೇ ಶೇರಿಗೆ ಆ ಗುಣವಿರಲಿಲ್ಲ. ಕ್ರಿಪ್ಟೋ ನಾಣ್ಯವನ್ನು ಹೋಲಿಸುವುದಾದರೆ ಈ ಎರಡನೆಯದಕ್ಕೇ ಹೋಲಿಸಬೇಕು. ಆದರೂ ಸ್ವಂತ ಹಣದಲ್ಲಿ ಕೊಂಡವನಿಗೂ ಸಾಲದ ಹಣದಲ್ಲಿ ಕೊಂಡವನಿಗೂ ಇರುವ ಅಂತರವು 1865ರಲ್ಲಿದ್ದುದೇ ಇಂದೂ ಇದೆ. ಮೊದಲನೆಯವನು ಮಂದಿಯ ಕಾಲವನ್ನು ಕಾಯಬಲ್ಲನು. ಎರಡನೆಯವನ ಜುಲೈ ಒಂದು ಮೊದಲೇ ಗೊತ್ತಾಗಿರುತ್ತದೆ.

ಧಾರವಾಡದ ಒಕ್ಕಲಿಗನು ಶೇರು ಕೊಳ್ಳಲಿಲ್ಲ. ಆದರೆ ಸಾಲದಿಂದ ದೂರವೂ ಉಳಿಯಲಿಲ್ಲ. ವಿಂಗೇಟನ ಸರ್ವೆಯು ಕಂದಾಯವನ್ನು 30 ವರ್ಷಗಳಿಗೆ ಸ್ಥಿರಗೊಳಿಸಿದ್ದುದರಿಂದ ಏರಿದ ಬೆಲೆಯ ಲಾಭ ಭೂಮಿ ಹಿಡಿದವನಲ್ಲಿಯೇ ಉಳಿಯಿತು. ಭೂಮಿಗೆ ಬೆಲೆ ಬಂತು, ಬೆಲೆ ಬಂದುದರಿಂದ ಸಾವಕಾರನಿಗೆ ಧೈರ್ಯ ಬಂತು. ಮಧ್ಯಪ್ರಾಂತಗಳಲ್ಲಿ ಗಾಡಿಯ ಚಕ್ರಗಳಿಗೆ ಬೆಳ್ಳಿಯ ಪಟ್ಟಿ ಹಾಕಿಸಿದರೆಂಬ ಕಥೆಯನ್ನು ಅಂದಿನ ಅಧಿಕಾರಿಗಳು ಬರೆದಿಟ್ಟಿದ್ದಾರೆ. ಬೆಳ್ಳಿಯನ್ನು ಮತ್ತೆ ಮಾರಬಹುದಾದುದರಿಂದ ಅದನ್ನು ಹುಚ್ಚೆಂದು ನಗುವ ಕಾರಣವಿಲ್ಲ. ಕಷ್ಟವಿದ್ದುದು ಬೆಳ್ಳಿಯಲ್ಲಲ್ಲ, ಪತ್ರದಲ್ಲಿ. 1859ರ ಅವಧಿ ಕಾನೂನಿನ ಪ್ರಕಾರ ಸಾಲಪತ್ರದ ವಾಯಿದೆಯು ಮೂರೇ ವರ್ಷ. ಸಾವಕಾರನು ಬಡ್ಡಿಯನ್ನು ಅಸಲಿಗೆ ಸೇರಿಸಿ ಮತ್ತೆ ಮತ್ತೆ ಹೊಸ ಪತ್ರ ಬರೆಯಿಸಿಕೊಳ್ಳುತ್ತಿದ್ದನು. ತೇಜಿಯಲ್ಲಿ ಹಗುರವಾಗಿ ತೋರಿದ ಪತ್ರವು ಮಂದಿಯಲ್ಲಿ ಭಾರವಾಯಿತು. ಪುಣೆ, ಅಹಮದನಗರ ಜಿಲ್ಲೆಗಳಲ್ಲಿ ಇದು 1875ರ ದಂಗೆಗೆ ಒಂದು ಕಾರಣವಾಯಿತು. ಧಾರವಾಡವು ಆ ದಂಗೆಯಲ್ಲಿ ಸೇರಲಿಲ್ಲ.

ಇದೇ ಹೊತ್ತಿಗೆ, 1870ರ ದಶಕದಲ್ಲಿ, ಹಳೆಯ ಸರ್ವೆಯ ಅವಧಿ ತೀರಿ ಕಂದಾಯದ ಪುನರ್ನಿರ್ಣಯವು ಆರಂಭವಾಯಿತು. ಲೆಕ್ಕಕ್ಕೆ ಹಿಡಿದ ಬೆಲೆಗಳಲ್ಲಿ ತೇಜಿಯ ವರ್ಷಗಳೂ ಸೇರಿದ್ದುವು. ಏರಿಕೆಯು ಮಿತಿಮೀರಬಾರದೆಂದು ಸರಕಾರವು 1874ರಲ್ಲಿ, ಹಳ್ಳಿಗಳ ಗುಂಪಿಗೆ ಶೇಕಡಾ 33, ಒಂದು ಹಳ್ಳಿಗೆ 66, ಒಬ್ಬನ ಹಿಡುವಳಿಗೆ 100 ಎಂದು ಮೇರೆ ಹಾಕಿತು. ಎರಡು ವರ್ಷಗಳ ತರುವಾಯ, 1876ರಲ್ಲಿ ಮಳೆ ತಪ್ಪಿತು. 1878ರವರೆಗೆ ನಡೆದ ಆ ಬರಗಾಲದಲ್ಲಿ ಧಾರವಾಡ ಜಿಲ್ಲೆಯು ತೀವ್ರವಾಗಿ ನೊಂದಿತು. ಹಗೇವುಗಳಲ್ಲಿ ಉಳಿದಿದ್ದ ಜೋಳವೆಷ್ಟೋ ಅಷ್ಟೇ ಅಂದು ಊರವರಿಗೆ ಆಧಾರವಾಯಿತು.