ಹಂಪೆಯ ತೇರುಬೀದಿ

ಹಂಪೆಯ ವಿರೂಪಾಕ್ಷನ ಗುಡಿಯ ಮುಂದಣ ಬೀದಿಯು ಪೂರ್ವದಲ್ಲಿ ಯಾತ್ರಿಕರ ಬಿಡಾರವೂ ಆಗಿದ್ದಿತು. ಸುಮಾರು 1520ರಲ್ಲಿ ಕೃಷ್ಣದೇವರಾಯನ ರಾಜಧಾನಿಯನ್ನು ಕಂಡ ಪೋರ್ತುಗೀಸ ಪಯಣಿಗ ಡೊಮಿಂಗೊ ಪಾಯೆಸನು, ಇಲ್ಲಿಯ ಕಂಬಸಾಲುಗಳ ಮನೆಗಳಲ್ಲಿ ಯಾತ್ರಿಕರು ಇಳಿದುಕೊಳ್ಳುವರೆಂದು ಬರೆದಿರುವನು. 1565ರ ಯುದ್ಧಾನಂತರ ಪಟ್ಟಣವು ಹಾಳಾಯಿತು. ಬಹುಕಾಲದ ಮೇಲೆ ಬಡಜನರು ಆ ಕಲ್ಲುಮಂಟಪಗಳ ನಡುವೆ ಗೋಡೆಯೆಬ್ಬಿಸಿ ಸಂಸಾರ ಹೂಡಿದರು, ಅಂಗಡಿಯಿಟ್ಟರು. ಸುಣ್ಣಬಣ್ಣಗಳಿಂದ ಕಲ್ಲಿನ ಅಂದಗೆಟ್ಟುದು ನಿಜವೇ. ಆದರೂ ಹಳೆಯ ಬೀದಿಯಲ್ಲಿ ಮರಳಿ ಒಲೆಯುರಿಯಿತಷ್ಟೆ! 1986ರಲ್ಲಿ ಹಂಪೆಯು ವಿಶ್ವಪರಂಪರೆಯ ಪಟ್ಟಿಗೆ ಸೇರಿತು. 2011ರ ಜುಲೈ ತಿಂಗಳಿನಲ್ಲಿ, ಪ್ರಾಚೀನ ಶಿಲ್ಪದ ರಕ್ಷಣೆಗೆಂದೇ, ಯಂತ್ರಗಳನ್ನು ತಂದು ಮನೆ ಅಂಗಡಿಗಳನ್ನು ಕೆಡಹಿದರು. ಜನರಿಳಿಯಲೆಂದು ಕಟ್ಟಿದ ಬೀದಿಯಿಂದ ಜನರನ್ನೇ ತೆರವುಮಾಡುವುದು ಎಂತಹ ರಕ್ಷಣೆಯೋ ನಾನರಿಯೆ. ಅಲ್ಲಿದ್ದವರಿಗೆ ಕಡ್ಡಿರಾಂಪುರದಲ್ಲಿ ನಿವೇಶನಗಳನ್ನು ಗೊತ್ತುಮಾಡಲಾಯಿತು, ಬೀದಿಯಲ್ಲಿ ಕಂಬಗಳುಳಿದುವು.